ಕೈಕೋಳ ತೊಟ್ಟ ಶತ್ರು: ‘ಹಾಫ್-ಲೈಫ್’ ಮತ್ತೆ ಆಡಿದಾಗ

ನಮ್ಮ ಕಡೆಯ ಸೈಬರ್ ಕೆಫೆಗಳಲ್ಲಿ ಗಂಟೆಯ ಲೆಕ್ಕದಲ್ಲಿ ದುಡ್ಡು ಕೊಟ್ಟು ‘ಕೌಂಟರ್-ಸ್ಟ್ರೈಕ್ 1.6’ ಆಡಿದ ಹುಡುಗರು ಲೆಕ್ಕವಿಲ್ಲದಷ್ಟು. ಆ ಆಟದ ಫೋಲ್ಡರ್ ತೆರೆದು ನೋಡಿದವರು ಮಾತ್ರ ಕಡಿಮೆ. ಅದರೊಳಗೆ ‘ಸಿಸ್ಟ್ರೈಕ್’ ಎಂಬ ಫೋಲ್ಡರಿನ ಪಕ್ಕದಲ್ಲೇ ‘ವಾಲ್ವ್’ ಎಂಬ ಇನ್ನೊಂದಿತ್ತು. ಆಟವನ್ನು ಶುರು ಮಾಡುವ ಫೈಲಿನ ಹೆಸರು ‘ಎಚ್‌ಎಲ್’. ಎಚ್‌ಎಲ್ ಎಂದರೆ ‘ಹಾಫ್-ಲೈಫ್’: 1998ರ ನವೆಂಬರಿನಲ್ಲಿ ಬಂದ, ಅನ್ಯಲೋಕದ ಜೀವಿಗಳ ವಿರುದ್ಧ ಹೋರಾಡುವ ಆಟ. ಮಗಳ ಮನೆಗೆ ದಿನಾ ಹೋಗುತ್ತಿದ್ದ ನಾವು ಅದೇ ಹಟ್ಟಿಯಲ್ಲಿದ್ದ ತಾಯಿಯನ್ನು ಮಾತಾಡಿಸಿರಲಿಲ್ಲ.

ಬಿಡುಗಡೆಯ 25ನೇ ವರ್ಷದ ನೆಪದಲ್ಲಿ, 2023ರ ನವೆಂಬರಿನಲ್ಲಿ, ವಾಲ್ವ್ ಕಂಪನಿ ಈ ಆಟವನ್ನು ಕೆಲವು ದಿನ ಉಚಿತವಾಗಿ ಕೊಟ್ಟಿತು. ಸತ್ತಿಯ ಮನೆಯಲ್ಲಿ ಕೂತು ಅದನ್ನು ಮೊದಲಿನಿಂದ ಕೊನೆಯತನಕ ಆಡಿದೆ. ಚಿತ್ರಗಳು ಹಳತಾಗಿವೆ, ಮುಖಗಳು ಮರದಲ್ಲಿ ಕೆತ್ತಿದಂತಿವೆ. ಆದರೆ ಆಟ ಎತ್ತುವ ಒಂದು ಪ್ರಶ್ನೆಗೆ ವಯಸ್ಸಾಗಿಲ್ಲ: ಎದುರಿಗೆ ಬಂದದ್ದನ್ನು ಗುಂಡಿಕ್ಕಲು ಅದು ‘ನಮ್ಮದಲ್ಲ’ ಎಂಬುದೊಂದೇ ಕಾರಣ ಸಾಕೇ? ಈ ಪ್ರಶ್ನೆ ಕಂಪ್ಯೂಟರಿಗಿಂತ ಹಳೆಯದು.

ಅನ್ಯಗ್ರಹದವರು ಭೂಮಿಗೆ ದಂಡೆತ್ತಿ ಬರುವ ಕತೆಗೆ ಗಟ್ಟಿ ರೂಪ ಕೊಟ್ಟವನು ಇಂಗ್ಲಿಷ್ ಲೇಖಕ ಎಚ್.ಜಿ. ವೆಲ್ಸ್. ಅವನ ‘ದಿ ವಾರ್ ಆಫ್ ದಿ ವರ್ಲ್ಡ್ಸ್’ ಪುಸ್ತಕವಾಗಿ ಬಂದದ್ದು 1898ರಲ್ಲಿ, ಬ್ರಿಟಿಷ್ ಸಾಮ್ರಾಜ್ಯ ಉಚ್ಛ್ರಾಯದಲ್ಲಿದ್ದಾಗ. ಮಂಗಳದವರು ಬ್ರಿಟನ್ನಿಗೆ ಮಾಡುವುದನ್ನು ಹೇಳುವ ಮೊದಲೇ, ಯುರೋಪಿನವರು ಟಾಸ್ಮೇನಿಯಾದ ಮೂಲನಿವಾಸಿಗಳಿಗೆ ಮಾಡಿದ್ದನ್ನು ವೆಲ್ಸ್ ಮೊದಲ ಅಧ್ಯಾಯದಲ್ಲೇ ನೆನಪಿಸುತ್ತಾನೆ. ಅಂದರೆ ಅನ್ಯಲೋಕದ ಜೀವಿ ಸಾಹಿತ್ಯದೊಳಗೆ ಬಂದದ್ದು ಕನ್ನಡಿಯಾಗಿ. ಆಳುವವನಿಗೆ ಅವನದೇ ಮುಖ ತೋರಿಸುವುದು ಅದರ ಕೆಲಸವಾಗಿತ್ತು.

ಎಂಬತ್ತು ವರ್ಷಗಳ ನಂತರ ಆ ಕನ್ನಡಿ ಗುರಿಹಲಗೆಯಾಯಿತು. 1978ರಲ್ಲಿ ಜಪಾನಿನ ಟೈಟೋ ಕಂಪನಿಗಾಗಿ ತೊಮೊಹಿರೊ ನಿಶಿಕಾಡೊ ‘ಸ್ಪೇಸ್ ಇನ್‌ವೇಡರ್ಸ್’ ರೂಪಿಸಿದ. ಮನುಷ್ಯರ ಮೇಲೆ ಗುಂಡು ಹಾರಿಸುವ ಆಟ ಸರಿಯಲ್ಲ ಎಂಬ ಅಭಿಪ್ರಾಯ ಬಂದದ್ದರಿಂದ, ವೆಲ್ಸನ ಮಂಗಳದವರನ್ನು ನೆನೆದು ಏಡಿ, ಆಕ್ಟೋಪಸ್, ಸ್ಕ್ವಿಡ್‌ಗಳ ಆಕಾರದ ಜೀವಿಗಳನ್ನು ಸಾಲಾಗಿ ಇಳಿಸಿದ. ಸಾಯಿಸುವುದಕ್ಕೆ ಯಾರೂ ಆಕ್ಷೇಪಿಸದ ಶತ್ರು ಹೀಗೆ ಸಿಕ್ಕಿತು. ಅದಕ್ಕೆ ಹೆಸರಿಲ್ಲ, ಊರಿಲ್ಲ, ಸತ್ತರೆ ಅಳುವವರಿಲ್ಲ. 1993ರ ‘ಡೂಮ್’ ಮಂಗಳನ ಉಪಗ್ರಹಗಳ ಮೇಲೆ ನರಕದ ಪಿಶಾಚಿಗಳನ್ನು ತಂದು, ಇದೇ ಸೂತ್ರವನ್ನು ಆಡುವವನ ಕಣ್ಣೆದುರಿಗೇ ಇಟ್ಟಿತು. ಇಂಥ ಆಟದಲ್ಲಿ ಪರದೆಯೇ ನಮ್ಮ ಕಣ್ಣು, ಅದರ ಕೆಳಗೆ ಬಂದೂಕು ಹಿಡಿದ ಕೈ. ಇದನ್ನೇ ಫಸ್ಟ್ ಪರ್ಸನ್ ಶೂಟರ್ ಎನ್ನುವುದು. ಇಲ್ಲಿ ನೋಡುವುದು ಮತ್ತು ಗುರಿಯಿಡುವುದು ಒಂದೇ ಕ್ರಿಯೆ.

ಮೈಕ್ರೋಸಾಫ್ಟ್ ಬಿಟ್ಟು ಬಂದ ಗೇಬ್ ನ್ಯೂವೆಲ್ ಮತ್ತು ಮೈಕ್ ಹ್ಯಾರಿಂಗ್ಟನ್ 1996ರಲ್ಲಿ ವಾಲ್ವ್ ಶುರು ಮಾಡಿದಾಗ ‘ಡೂಮ್’ ಮಾಡಿದವರದೇ ‘ಕ್ವೇಕ್’ ಎಂಜಿನ್ ಪಡೆದು, ಅದನ್ನು ತಿದ್ದಿ ತಮ್ಮ ಆಟ ಕಟ್ಟಿದರು. 1997ರಲ್ಲಿ ಬರಬೇಕಿದ್ದದ್ದು ತಮಗೇ ಒಪ್ಪಿಗೆಯಾಗದೆ ಬಹುಪಾಲು ಮತ್ತೆ ಕಟ್ಟಿದ್ದರಿಂದ ಒಂದು ವರ್ಷ ತಡವಾಯಿತು. ಕತೆ ಬರೆದವನು ಕಾದಂಬರಿಕಾರ ಮಾರ್ಕ್ ಲೇಡ್ಲಾ. ನಾಯಕ ಗಾರ್ಡನ್ ಫ್ರೀಮನ್ ಸೈನಿಕನಲ್ಲ. ಸೈದ್ಧಾಂತಿಕ ಭೌತಶಾಸ್ತ್ರದಲ್ಲಿ ಪಿಎಚ್.ಡಿ. ಪಡೆದ 27ರ ಹುಡುಗ. ಅವನ ಮೊದಲ ಆಯುಧ ಒಂದು ಕಬ್ಬಿಣದ ಹಾರೆ. ಪ್ರಬಂಧದ ಅಧ್ಯಾಯ ತಿದ್ದುತ್ತಾ ಅದೇ ವಯಸ್ಸಿನಲ್ಲಿರುವ ನನಗೆ ಅವನ ಮೇಲೆ ಕೊಂಚ ಹೆಚ್ಚೇ ಸಲುಗೆ.

ಆಟ ಶುರುವಾಗುವುದು ಗುಂಡಿನಿಂದಲ್ಲ, ಕೆಲಸಕ್ಕೆ ಹೋಗುವ ದಾರಿಯಿಂದ. ಬ್ಲ್ಯಾಕ್ ಮೆಸಾ ಎಂಬ ಕಾಲ್ಪನಿಕ ಸಂಶೋಧನಾ ಕೇಂದ್ರದ ನೆಲದಡಿಯ ಟ್ರಾಮಿನಲ್ಲಿ ಕೆಲವು ನಿಮಿಷ ಸುಮ್ಮನೆ ಕೂತು ನೋಡುತ್ತಾ ಹೋಗಬೇಕು. ಕೇಂದ್ರವಿರುವುದು ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ. ಲಾಸ್ ಅಲಮೋಸ್ ಇರುವ, 1945ರ ಜುಲೈ 16ರಂದು ಜಗತ್ತಿನ ಮೊದಲ ಅಣುಬಾಂಬ್ ಪರೀಕ್ಷೆ ನಡೆದ ರಾಜ್ಯ ಅದು. ಆಯ್ಕೆ ಆಕಸ್ಮಿಕವೆಂದು ನನಗನ್ನಿಸುವುದಿಲ್ಲ. ಪ್ರಯೋಗವೊಂದು ಕೈತಪ್ಪುತ್ತದೆ, ಎರಡು ಲೋಕಗಳ ನಡುವಿನ ಗೋಡೆ ಒಡೆಯುತ್ತದೆ. ಮಾದರಿಯನ್ನು ಯಂತ್ರದೊಳಗೆ ತಳ್ಳುವವನು ಫ್ರೀಮನ್, ಅಂದರೆ ಆಡುತ್ತಿರುವ ನಾವೇ. ದಂಡೆತ್ತಿ ಬಂದವರು ಎಂದು ನಾವು ಯಾರನ್ನು ಕರೆಯುತ್ತೇವೋ ಅವರಿಗೆ ಬಾಗಿಲು ತೆರೆದದ್ದು ಒಳಗಿನ ಕೈ.

ಬದುಕುಳಿದ ವಿಜ್ಞಾನಿಗಳು ಸೈನ್ಯ ಬಂದು ಕಾಪಾಡುತ್ತದೆಂದು ಕಾಯುತ್ತಾರೆ. ಸೈನ್ಯ ಬರುತ್ತದೆ. ಕೈ ಬೀಸುತ್ತಾ ಓಡಿಹೋದ ವಿಜ್ಞಾನಿಯನ್ನು ನಮ್ಮೆದುರೇ ಗುಂಡಿಟ್ಟು ಕೊಲ್ಲುತ್ತದೆ. ನಡೆದದ್ದರ ಸುಳಿವು ಹೊರಗೆ ಹೋಗಬಾರದೆಂಬುದು ಅವರಿಗಿದ್ದ ಆಜ್ಞೆ. ಅಲ್ಲಿಂದ ಮುಂದೆ ‘ನಮ್ಮವರು’, ‘ಅನ್ಯರು’ ಎಂಬ ಗೆರೆ ನೇರವಾಗಿ ಉಳಿಯುವುದಿಲ್ಲ.

ಮರಳಿ ಆಡಿದಾಗ ನನ್ನನ್ನು ತಡೆದು ನಿಲ್ಲಿಸಿದ್ದು ಇನ್ನೊಂದು ಸಂಗತಿ. ವೋರ್ಟಿಗಾಂಟ್ ಎಂಬ ಜೀವಿಗಳು ಗಾಳಿಯಿಂದ ಪ್ರತ್ಯಕ್ಷವಾಗಿ ಹಸಿರು ಮಿಂಚು ಎಸೆಯುತ್ತವೆ. ಗಡಿಬಿಡಿಯಲ್ಲಿ ಕಾಣುವುದು ಮಿಂಚು ಮಾತ್ರ. ನಿಂತು ನೋಡಿದರೆ ಅವುಗಳ ಕುತ್ತಿಗೆಯಲ್ಲಿ ಪಟ್ಟಿ, ಮಣಿಕಟ್ಟಿನಲ್ಲಿ ಕೋಳ. ಆಟದ ಒಳಗಿನ ಕೋಡಿನಲ್ಲಿ ಅವುಗಳ ಹೆಸರೇ ‘ಏಲಿಯನ್ ಸ್ಲೇವ್’, ಅನ್ಯಲೋಕದ ಗುಲಾಮ. ಕೊನೆಯ ಭಾಗದಲ್ಲಿ, ಅನ್ಯಲೋಕದ ಕಾರ್ಖಾನೆಯಲ್ಲಿ ದುಡಿಯುತ್ತಿರುವ ಕೆಲವು ವೋರ್ಟಿಗಾಂಟ್‌ಗಳು ನಾವಾಗಿ ಕೆಣಕುವ ತನಕ ನಮ್ಮ ಮೇಲೆ ಕೈ ಎತ್ತುವುದಿಲ್ಲ. ಆಟ ಇದನ್ನು ಎಲ್ಲಿಯೂ ಬಾಯಿಬಿಟ್ಟು ಹೇಳುವುದಿಲ್ಲ. ಅಷ್ಟು ಹೊತ್ತಿಗೆ ನಮ್ಮ ಬೆರಳು ಮೌಸಿಗೆ ಎಷ್ಟು ಒಗ್ಗಿರುತ್ತದೆಂದರೆ, ಕೆಲಸ ಮಾಡುತ್ತಿರುವವನನ್ನೂ ನಾವು ಶತ್ರುವೆಂದೇ ಓದುತ್ತೇವೆ. 2004ರ ಎರಡನೇ ಭಾಗದಲ್ಲಿ ಇದೇ ಜೀವಿಗಳು ಕೋಳ ಕಳಚಿ, ಮನುಷ್ಯರ ಜೊತೆ ನಿಲ್ಲುತ್ತವೆ.

ಇಷ್ಟೆಲ್ಲ ನಮ್ಮ ಕೆಫೆಗಳಿಗೆ ಬರುವ ಹೊತ್ತಿಗೆ ಸೋಸಿಹೋಗಿತ್ತು. ಕೆನಡಾದ ವಿದ್ಯಾರ್ಥಿ ಮಿನ್ ಲೆ ಮತ್ತು ಅಮೆರಿಕದ ಜೆಸ್ ಕ್ಲಿಫ್ 1999ರಲ್ಲಿ ‘ಹಾಫ್-ಲೈಫ್’ ಮೇಲೆ ಕಟ್ಟಿದ ಹವ್ಯಾಸಿ ಆಟವೇ ‘ಕೌಂಟರ್-ಸ್ಟ್ರೈಕ್’. ವಾಲ್ವ್ ಅದನ್ನು ತನ್ನದಾಗಿಸಿಕೊಂಡು 2000ದಲ್ಲಿ ಮಾರುಕಟ್ಟೆಗೆ ತಂದಿತು. ಅದರಲ್ಲಿ ಅನ್ಯಲೋಕದವರಿಲ್ಲ, ಕತೆಯೂ ಇಲ್ಲ. ಭಯೋತ್ಪಾದಕರು ಒಂದು ಕಡೆ, ಅವರನ್ನು ತಡೆಯುವವರು ಇನ್ನೊಂದು ಕಡೆ. ಒಳ್ಳೆಯ ಆಟ ಎಂಬುದರಲ್ಲಿ ಸಂಶಯವಿಲ್ಲ. ಸುತ್ತು ಮುಗಿದ ಮೇಲೆ ಪಕ್ಕದ ಕುರ್ಚಿಯವನ ಜೊತೆ ನಡೆಯುತ್ತಿದ್ದ ಜಗಳದ ರುಚಿಯೇ ಬೇರೆ. ಆದರೆ 1978ರಲ್ಲಿ ಮನುಷ್ಯನನ್ನು ಗುರಿಯಿಂದ ತಪ್ಪಿಸಲೆಂದು ಬಂದ ಅನ್ಯಜೀವಿ ಇಲ್ಲಿ ಸದ್ದಿಲ್ಲದೆ ಪಕ್ಕಕ್ಕೆ ಸರಿದು, ಅದರ ಜಾಗದಲ್ಲಿ ಮತ್ತೆ ಮನುಷ್ಯನೇ ನಿಂತ. ಯಾಕೆ ಎಂಬ ಪ್ರಶ್ನೆ ಪಕ್ಕದ ಫೋಲ್ಡರಿನಲ್ಲೇ ಉಳಿಯಿತು.

ನಾನು ಆಡಿದ ತಿಂಗಳು ಕೃಷ್ಣಾ ದಂಡೆಯಲ್ಲಿ ಕಬ್ಬಿನ ಹಂಗಾಮು. ಈ ಹಂಗಾಮಿನಲ್ಲಿ ದೂರದ ಊರುಗಳಿಂದ ಕಡಿಯುವ ಗ್ಯಾಂಗುಗಳು ಬರುತ್ತವೆ, ಹೊಲದ ಬದಿಗೆ ಗುಡಿಸಲು ಏಳುತ್ತವೆ. ಮುಂಗಡ ತೆಗೆದುಕೊಂಡವರು ಅದು ತೀರುವ ತನಕ ದುಡಿಯಬೇಕು. ಊರಿನಲ್ಲಿ ಏನಾದರೂ ಕಳೆದರೆ ಮೊದಲ ಅನುಮಾನ ಆ ಗುಡಿಸಲುಗಳ ಕಡೆ ಹೋಗುವುದನ್ನು ನಾನು ಚಿಕ್ಕಂದಿನಿಂದ ಕೇಳಿದ್ದೇನೆ: ‘ಹೊರಗಿನ ಮಂದಿ.’ ದುಡಿಯುವ ಮನುಷ್ಯರನ್ನು ಆಟದ ಜೀವಿಗಳಿಗೆ ಹೋಲಿಸುವುದು ನನ್ನ ಉದ್ದೇಶವಲ್ಲ. ಹೋಲಿಕೆ ಇರುವುದು ನೋಡುವ ಕಣ್ಣಿನಲ್ಲಿ. ಆ ಕಣ್ಣಿಗೆ ಕೈಯಲ್ಲಿನ ಕೊಯ್ತಾ ಕಾಣುತ್ತದೆ, ಕೈಯನ್ನು ಕಟ್ಟಿದ ಮುಂಗಡ ಕಾಣುವುದಿಲ್ಲ.

‘ಹಾಫ್-ಲೈಫ್’ ಅಭಿಮಾನಿಗಳು ಹಲವು ವರ್ಷ ದುಡಿದು ಆ ಆಟವನ್ನು ಹೊಸದಾಗಿ ಕಟ್ಟಿದರು. ‘ಬ್ಲ್ಯಾಕ್ ಮೆಸಾ’ ಎಂಬ ಈ ರೂಪ 2020ರ ಮಾರ್ಚಿನಲ್ಲಿ ಪೂರ್ಣವಾಯಿತು. ಮೂಲದಲ್ಲಿ ಅವಸರದಲ್ಲಿ ಮುಗಿದಂತಿದ್ದ ಕೊನೆಯ ಭಾಗವನ್ನು ಅವರು ಬಹಳ ಬೆಳೆಸಿದ್ದಾರೆ. ವೋರ್ಟಿಗಾಂಟ್‌ಗಳಿಗೆ ಅಲ್ಲಿ ಊರಿದೆ, ಮನೆಗಳಿವೆ, ಅವರನ್ನು ಹಿಡಿದು ದುಡಿಸುವ ಒಡೆಯರೂ ಕಾಣುತ್ತಾರೆ. ಮೊದಲ ಆಟ ಒಂದು ಕುತ್ತಿಗೆಪಟ್ಟಿಯಲ್ಲಿ ಹೇಳಿ ಬಿಟ್ಟಿದ್ದನ್ನು ಆಡಿದವರೇ ಓದಿ, ಅರ್ಥ ಮಾಡಿಕೊಂಡು, ಒಂದು ಊರಾಗಿ ಬರೆದರು. ಆ ಊರಿನೊಳಗೆ ಹೋದಾಗಲೂ ಪರದೆಯ ಕೆಳಗೆ ಬಂದೂಕು ಇದ್ದೇ ಇರುತ್ತದೆ. ಅಲ್ಲಿ ಬೆರಳು ತಡೆದು ನಿಲ್ಲುವುದೋ ಇಲ್ಲವೋ ಎಂಬುದು ಆಡುವವರಿಗೆ ಬಿಟ್ಟದ್ದು.