ಱ ಮತ್ತು ೞ: ಕೀಲಿಮಣೆಯಲ್ಲಿ ಕಾಣದ ಎರಡು ಅಕ್ಷರಗಳು

ನನ್ನಲ್ಲಿ ಹಳಗನ್ನಡ ಓದಿದವರಿಗೆ ಱ ಮತ್ತು ೞ ಎಂಬ ಎರಡು ಅಕ್ಷರಗಳ ನೆನಪು ಇದ್ದೀತು. ಮೊದಲನೆಯದನ್ನು ಶಕಟರೇಫವೆಂದೂ ಎರಡನೆಯದನ್ನು ರೞವೆಂದೂ ಕರೆಯುವುದು ರೂಢಿ. ಇಂದಿನ ವರ್ಣಮಾಲೆಯಲ್ಲಿ ಅವುಗಳಿಗೆ ಸ್ಥಾನವಿಲ್ಲ. ಆದರೆ ಹಳಗನ್ನಡದಲ್ಲಿ ಅರ್ಥವೇ ಅವುಗಳನ್ನು ಅವಲಂಬಿಸಿತ್ತು. ‘ಬಾಳ್’ ಎಂದರೆ ಖಡ್ಗ, ‘ಬಾೞ್’ ಎಂದರೆ ಬದುಕು. ‘ಕರೆ’ ಎಂದರೆ ಕೂಗು, ‘ಕಱೆ’ ಎಂದರೆ ಹಾಲು ಹಿಂಡು. ಕಾಲಕ್ರಮದಲ್ಲಿ ‘ಮೞೆ’ ಮಳೆಯಾಯಿತು, ‘ಕೋೞಿ’ ಕೋಳಿಯಾಯಿತು, ‘ಬಿೞ್ದು’ ಎಂಬುದು ‘ಬಿರ್ದು’ ಆಗಿ ಕೊನೆಗೆ ‘ಬಿದ್ದು’ ಎಂದು ನಿಂತಿತು. 13ನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ರೞವುಳ್ಳ ಶಬ್ದಗಳನ್ನು ಪಟ್ಟಿಮಾಡಿಯೇ ಹೇಳಬೇಕಾಯಿತು. ಆ ವೇಳೆಗೆ ಭೇದವು ನಾಲಗೆಯಿಂದ ಜಾರುತ್ತಿತ್ತೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ನಾಲಗೆಯಿಂದ ಜಾರಿದ ಅಕ್ಷರಗಳು ಹಾಳೆಯ ಮೇಲೆ ಉಳಿಯಬೇಕಾದರೆ ಮುದ್ರಣಾಲಯದಲ್ಲಿ ಅವುಗಳಿಗೊಂದು ಮನೆ ಬೇಕು. ಸೀಸದ ಮೊಳೆಗಳ ಕಾಲದಲ್ಲಿ ಇದು ಅಕ್ಷರಶಃ ನಿಜವಾಗಿತ್ತು. ಪ್ರತಿಯೊಂದು ಅಕ್ಷರವನ್ನೂ ಎರಕಹೊಯ್ದು ಮರದ ಪೆಟ್ಟಿಗೆಯ ಒಂದೊಂದು ಮನೆಯಲ್ಲಿ ತುಂಬಿಡಬೇಕಿತ್ತು. ಅಪರೂಪಕ್ಕೆ ಬರುವ ಅಕ್ಷರಕ್ಕಾಗಿ ಅಚ್ಚು ಕೊರೆಯಿಸುವುದು ಖರ್ಚಿನ ಬಾಬ್ತು. ಆದರೂ 1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾದ ಫರ್ಡಿನೆಂಡ್ ಕಿಟ್ಟೆಲರ ನಿಘಂಟಿನಲ್ಲಿ ಈ ಎರಡೂ ಅಕ್ಷರಗಳು ಪ್ರತ್ಯೇಕವಾಗಿ ಅಚ್ಚಾಗಿವೆ. ಆ ಶ್ರಮವನ್ನು ನೆನೆದಾಗ ಕೈಮುಗಿಯಬೇಕೆನಿಸುತ್ತದೆ.

ಸೀಸ ಹೋಗಿ ಗಣಕ ಬಂದಾಗ ಕಷ್ಟ ತೀರಬೇಕಿತ್ತು. ಆದರೆ ಅದು ಹೊಸ ರೂಪ ತಾಳಿತು. ಪೇಜ್‌ಮೇಕರ್ ತಂತ್ರಾಂಶದ ಕಾಲದ ಫಾಂಟುಗಳಲ್ಲಿ ಇದ್ದುದು 256 ಸ್ಥಾನಗಳು ಮಾತ್ರ. ಅವುಗಳಲ್ಲಿ ಮೊದಲ 32 ಯಂತ್ರದ ಆಜ್ಞೆಗಳಿಗೆ ಮೀಸಲು. ನಮ್ಮ ಕಾಗುಣಿತ, ಒತ್ತಕ್ಷರ, ಅಂಕಿ, ವಿರಾಮಚಿಹ್ನೆಗಳೆಲ್ಲ ಉಳಿದ ಜಾಗದಲ್ಲಿ ಒತ್ತರಿಸಿಕೊಂಡು ಕೂಡಬೇಕಿತ್ತು. ಅಲ್ಲಿ ಱ, ೞಗಳಿಗೆ ಸ್ಥಳ ಸಿಕ್ಕರೆ ಅದೃಷ್ಟ. ಸಿಕ್ಕಿದ್ದರೆ ಆಲ್ಟ್ ಕೀಲಿಯನ್ನು ಒತ್ತಿಹಿಡಿದು, ಬಲಬದಿಯ ಅಂಕಿಗಳಿಂದ ಸಂಕೇತಸಂಖ್ಯೆಯನ್ನು ಒತ್ತಬೇಕು. ಪ್ರತಿ ಸಂಸ್ಥೆಯ ಫಾಂಟಿನ ಜೋಡಣೆಯೂ ಬೇರೆ. ಫಾಂಟು ಬದಲಾದರೆ ೞ ಇದ್ದ ಜಾಗದಲ್ಲಿ ಮತ್ತಾವುದೋ ಚಿಹ್ನೆ ಪ್ರತ್ಯಕ್ಷವಾಗುತ್ತಿತ್ತು. ಅಕ್ಷರವೇ ಇಲ್ಲದಿದ್ದರೆ ಖಾಲಿ ಬಿಟ್ಟು, ಟ್ರೇಸಿಂಗ್ ಕಾಗದದ ಮೇಲೆ ಪ್ರತಿ ತೆಗೆದ ಅನಂತರ ಕಪ್ಪು ಶಾಯಿಯಲ್ಲಿ ತುಂಬುವವರೂ ಇದ್ದರು.

ಆ ದಿನಗಳಲ್ಲಿ ಒಂದು ಸ್ಮರಣಸಂಚಿಕೆಗೆ ನಾನು ಹಳಗನ್ನಡದ ಬಗೆಗೆ ಲೇಖನ ಬರೆದುಕೊಟ್ಟಿದ್ದೆ. ಅಚ್ಚಾಗಿ ಬಂದಾಗ ‘ಬಾೞ್’ ಇದ್ದಲ್ಲೆಲ್ಲ ‘ಬಾಳ್’ ಇತ್ತು; ಬದುಕು ಖಡ್ಗವಾಗಿತ್ತು! ವಿಚಾರಿಸಿದಾಗ ಅಕ್ಷರ ಜೋಡಿಸಿದ ಹುಡುಗ, “ಸಾರ್, ಆ ಅಕ್ಷರ ನಮ್ಮ ಫಾಂಟಿನಲ್ಲೇ ಇಲ್ಲ. ಓದೋವ್ರಿಗೆ ಹೇಗೂ ಅರ್ಥ ಆಗುತ್ತೆ” ಎಂದ. ಅವನನ್ನು ದೂರುವುದೇನು? ಮನೆಯಿಲ್ಲದ ಅಕ್ಷರವನ್ನು ಅವನು ಎಲ್ಲಿಂದ ತಂದಾನು?

1991ರಲ್ಲಿ ಮೊದಲ ಆವೃತ್ತಿ ಕಂಡ ಯೂನಿಕೋಡ್, ಜಗತ್ತಿನ ಪ್ರತಿ ಅಕ್ಷರಕ್ಕೂ ತನ್ನದೇ ಆದ ಒಂದು ಸಂಖ್ಯೆಯಿರಬೇಕೆಂಬ ತತ್ತ್ವವನ್ನು ತಂದಿತು. ಱ ಅಕ್ಷರಕ್ಕೆ 3249, ೞ ಅಕ್ಷರಕ್ಕೆ 3294 ಎಂಬ ಸಂಖ್ಯೆಗಳು ದೊರೆತವು. ಆದರೆ ಇಲ್ಲೊಂದು ವಿನೋದವುಂಟು. ತಮಿಳು, ಮಲಯಾಳಂಗಳ ರೞ ಕುಳಿತಿರುವುದು ಳ ಮತ್ತು ವ ಅಕ್ಷರಗಳ ನಡುವೆ. ಕನ್ನಡದಲ್ಲಿ ಅದಕ್ಕೆ ಸರಿಯಾದ 3252ನೆಯ ಸ್ಥಾನ ಇಂದಿಗೂ ಖಾಲಿ. ನಮ್ಮ ೞ ಮಾತ್ರ ದೂರದಲ್ಲಿ, ದೇವನಾಗರಿಯ ‘ಫ’ಕಾರಕ್ಕೆ ಕೆಳಗೆ ಚುಕ್ಕೆಯಿಟ್ಟ ಅಕ್ಷರ ಇರುವೆಡೆಗೆ ಹೊಂದುವ ಸ್ಥಾನದಲ್ಲಿದೆ, ಅದರ ಅಧಿಕೃತ ಹೆಸರೂ ‘ಫ’ ಎಂದೇ ದಾಖಲಾಗಿದೆ! ಕೊಟ್ಟ ಹೆಸರನ್ನು ಬದಲಿಸಕೂಡದೆಂಬುದು ಯೂನಿಕೋಡಿನ ನಿಯಮವಾದ್ದರಿಂದ, ಸರಿಯಾದ ಹೆಸರನ್ನು ತಿದ್ದುಪಡಿಯಾಗಿ ಪಕ್ಕದಲ್ಲಿ ಸೇರಿಸಿದ್ದಾರೆ.

ಹೆಸರು ತಪ್ಪಿದರೂ ಮನೆ ಸಿಕ್ಕಿತಲ್ಲ, ಅದೇ ಸಮಾಧಾನ. ಇಂದು ವರ್ಡ್‌ನಲ್ಲಿ ಇನ್‌ಸರ್ಟ್ ಎಂಬಲ್ಲಿರುವ ಸಿಂಬಲ್ ಆಯ್ದು, ಯೂನಿಕೋಡ್ ಕನ್ನಡ ಫಾಂಟಿನ ಕೋಷ್ಟಕದಿಂದ ಈ ಅಕ್ಷರಗಳನ್ನು ಸೇರಿಸಬಹುದು. 2012ರ ಸಿಎಸ್6 ಆವೃತ್ತಿಯಿಂದ ಭಾರತೀಯ ಲಿಪಿಗಳನ್ನು ಬಲ್ಲ ಇನ್‌ಡಿಸೈನ್‌ನಲ್ಲಿ ಟೈಪ್ ಮೆನುವಿನ ಗ್ಲಿಫ್ಸ್ ಎಂಬುದು ಇದೇ ಕೆಲಸ ಮಾಡುತ್ತದೆ. ಹಳೆಯ ಪೇಜ್‌ಮೇಕರ್ ಕಡತಗಳನ್ನು ಯೂನಿಕೋಡಿಗೆ ಪರಿವರ್ತಿಸುವವರು ಮಾತ್ರ ಮೂಲದೊಡನೆ ಹೋಲಿಸಿ, ಮೊದಲು ಈ ಎರಡು ಅಕ್ಷರಗಳನ್ನೇ ಪರೀಕ್ಷಿಸಬೇಕು.

ನಿಮ್ಮಲ್ಲಿ ಕೆಲವರು ಗಣಕದ ಉದ್ಯೋಗದಲ್ಲಿದ್ದೀರಿ, ಕೆಲವರು ಪುಸ್ತಕ ಅಚ್ಚು ಮಾಡಿಸುವವರಿದ್ದೀರಿ. ಪಂಪನದೋ ರನ್ನನದೋ ಒಂದು ಸಾಲನ್ನು ಉದ್ಧರಿಸುವಾಗ ೞ ಇದ್ದಲ್ಲಿ ಳ ಹಾಕಿ ಮುಂದೆ ಸಾಗಬೇಡಿ. ಕೇಶಿರಾಜನ ಪಟ್ಟಿ ಮತ್ತು ಕಿಟ್ಟೆಲರ ಮೊಳೆಗಳು ಇಷ್ಟು ಕಾಲ ಕಾಪಾಡಿಕೊಟ್ಟ ಭೇದವನ್ನು ಉಳಿಸಲು ಈಗ ನಮಗೆ ಬೇಕಾಗಿರುವುದು ಅರೆನಿಮಿಷದ ವ್ಯವಧಾನ ಮಾತ್ರ.