ಬಿಪಿ ಹೆಚ್ಚಾದರೆ ಕಿಡ್ನಿ ಪರೀಕ್ಷೆ ಏಕೆ?

ಬಿಪಿ ಹೆಚ್ಚಾಗಿದೆ ಎಂದು ಹೋದರೆ ವೈದ್ಯರು ಕಿಡ್ನಿ ಪರೀಕ್ಷೆಗೂ ಬರೆದುಕೊಡುತ್ತಾರೆ. ಎರಡಕ್ಕೂ ಏನು ಸಂಬಂಧ ಎಂದು ನಿಮಗೆ ಅನ್ನಿಸಬಹುದು. ರಕ್ತದೊತ್ತಡವನ್ನು ಹದದಲ್ಲಿಡುವ ಮುಖ್ಯ ಅಂಗಗಳಲ್ಲಿ ಮೂತ್ರಪಿಂಡವೂ (ಕಿಡ್ನಿ) ಒಂದು.

ಕಿಡ್ನಿ ಬಿಪಿಯನ್ನು ಏರಿಸುವುದು ಹೇಗೆ?

ವಿಶ್ರಾಂತಿಯಲ್ಲಿರುವಾಗ ಹೃದಯ ಹೊರಹಾಕುವ ರಕ್ತದಲ್ಲಿ ಸುಮಾರು ಐದನೇ ಒಂದು ಭಾಗ, ಅಂದರೆ ನಿಮಿಷಕ್ಕೆ ಸುಮಾರು 1 ಲೀಟರ್, ಎರಡೂ ಕಿಡ್ನಿಗಳಿಗೆ ಹೋಗುತ್ತದೆ. ಈ ಹರಿವಿನ ಒತ್ತಡ ತಗ್ಗಿದರೆ ಕಿಡ್ನಿ ರೆನಿನ್ ಎಂಬ ಕಿಣ್ವವನ್ನು ಬಿಡುಗಡೆ ಮಾಡುತ್ತದೆ. ಅದರಿಂದ ಆಂಜಿಯೋಟೆನ್ಸಿನ್ ಎಂಬ ಹಾರ್ಮೋನ್ ಉಂಟಾಗಿ ರಕ್ತನಾಳಗಳು ಬಿಗಿಯಾಗುತ್ತವೆ. ಉಪ್ಪು ಮತ್ತು ನೀರು ದೇಹದಲ್ಲೇ ಉಳಿಯುತ್ತವೆ. ಬಿಪಿ ಏರುತ್ತದೆ. ವಾಂತಿ-ಭೇದಿ ಅಥವಾ ರಕ್ತಸ್ರಾವವಾದಾಗ ಇದು ಜೀವ ಉಳಿಸುವ ವ್ಯವಸ್ಥೆ.

ತೊಂದರೆ ಯಾವಾಗ?

ಕಿಡ್ನಿಗೆ ಹೋಗುವ ರಕ್ತನಾಳವೇ ಕಿರಿದಾದರೆ, ದೇಹದಲ್ಲಿ ಬಿಪಿ ಸಾಕಷ್ಟಿದ್ದರೂ ಕಿಡ್ನಿಗೆ ಅದು ಕಡಿಮೆ ಎಂದೇ ತೋರುತ್ತದೆ. ಪೈಪು ಕಟ್ಟಿಕೊಂಡು ನಲ್ಲಿಯಲ್ಲಿ ನೀರು ಸಣ್ಣಗೆ ಬಂದಾಗ, ಟ್ಯಾಂಕ್ ಖಾಲಿಯಾಗಿದೆ ಎಂದುಕೊಂಡು ಮೋಟಾರ್ ಹಾಕಿದಂತೆ! ವಯಸ್ಸಾದವರಲ್ಲಿ ರಕ್ತನಾಳದೊಳಗೆ ಕೊಬ್ಬು ಕಟ್ಟುವುದು ಇದಕ್ಕೆ ಮುಖ್ಯ ಕಾರಣ. ಧೂಮಪಾನ ಮತ್ತು ಸಕ್ಕರೆ ಕಾಯಿಲೆ ಅದನ್ನು ಹೆಚ್ಚಿಸುತ್ತವೆ. ಭಾರತದ ಯುವತಿಯರಲ್ಲಿ ಟಕಯಾಸು ಎಂಬ ರಕ್ತನಾಳದ ಉರಿಯೂತವೂ ಕಾರಣವಾಗಬಹುದು. ಆದರೆ ಬಿಪಿ ಇರುವ ಬಹುಪಾಲು ಜನರಿಗೆ ಈ ತೊಂದರೆ ಇರುವುದಿಲ್ಲ.

ವೈದ್ಯರನ್ನು ಯಾವಾಗ ಕೇಳಬೇಕು?

• 30 ವರ್ಷದೊಳಗೇ ಬಿಪಿ ತೀವ್ರವಾಗಿ ಏರಿದ್ದರೆ
• ಹತೋಟಿಯಲ್ಲಿದ್ದ ಬಿಪಿ ಇದ್ದಕ್ಕಿದ್ದಂತೆ ಕೈಮೀರಿದರೆ
• ಮೂರು ಬಗೆಯ ಔಷಧಿಗಳನ್ನು ತಪ್ಪದೆ ತೆಗೆದುಕೊಂಡರೂ ಬಿಪಿ ಇಳಿಯದಿದ್ದರೆ

ಅಗತ್ಯವಿದ್ದರೆ ವೈದ್ಯರು ಕಿಡ್ನಿಯ ಡಾಪ್ಲರ್ ಸ್ಕ್ಯಾನ್ ಮಾಡಿಸುತ್ತಾರೆ. ಹಲವರಿಗೆ ಔಷಧಿಯೇ ಸಾಕು. ಕೆಲವರಿಗೆ ಮಾತ್ರ ಬಲೂನ್ ಅಥವಾ ಸ್ಟೆಂಟ್ ಚಿಕಿತ್ಸೆ ಬೇಕಾಗುತ್ತದೆ.

ಔಷಧಿಯ ಬಗ್ಗೆ ಎಚ್ಚರ

ರಾಮಿಪ್ರಿಲ್, ಟೆಲ್ಮಿಸಾರ್ಟಾನ್‌ನಂತಹ ಮಾತ್ರೆಗಳು ಆಂಜಿಯೋಟೆನ್ಸಿನ್‌ನ ಕೆಲಸವನ್ನು ತಡೆದು ಬಿಪಿ ಇಳಿಸುತ್ತವೆ. ಎರಡೂ ಕಿಡ್ನಿಗಳ ರಕ್ತನಾಳಗಳು ಕಿರಿದಾಗಿದ್ದರೆ ಇವುಗಳಿಂದ ಕಿಡ್ನಿಯ ಕೆಲಸ ಕುಗ್ಗಬಹುದು. ಅದಕ್ಕೇ ಮಾತ್ರೆ ಶುರು ಮಾಡಿದ ಒಂದೆರಡು ವಾರಗಳಲ್ಲಿ ಕ್ರಿಯಾಟಿನಿನ್ ಮತ್ತು ಪೊಟ್ಯಾಸಿಯಂ ಪರೀಕ್ಷೆಗೆ ಹೇಳುತ್ತಾರೆ. ಅದನ್ನು ತಪ್ಪಿಸಬೇಡಿ, ಹೆದರಿ ಮಾತ್ರೆಯನ್ನೂ ನೀವಾಗಿಯೇ ನಿಲ್ಲಿಸಬೇಡಿ. ವಾಂತಿ-ಭೇದಿ ಹೆಚ್ಚಾದರೆ ಅಥವಾ ನೀವು ಗರ್ಭಿಣಿಯಾಗಿದ್ದರೆ ಕೂಡಲೇ ವೈದ್ಯರಿಗೆ ತಿಳಿಸಿ. ಡೈಕ್ಲೋಫೆನಾಕ್, ಐಬುಪ್ರೊಫೆನ್‌ನಂತಹ ನೋವಿನ ಮಾತ್ರೆಗಳು ಕಿಡ್ನಿಯ ರಕ್ತಸಂಚಾರವನ್ನು ತಗ್ಗಿಸುತ್ತವೆ. ಮೆಡಿಕಲ್ ಶಾಪ್‌ನಿಂದ ನೀವೇ ತಂದು ನುಂಗಬೇಡಿ.