ಗಾಳಿಯ ಲೆಕ್ಕ ತಪ್ಪಿದಾಗ

ಒಂದು ಗ್ರಾಂ ಪೆಟ್ರೋಲ್ ಪೂರ್ತಿ ಉರಿಯಬೇಕಾದರೆ ಸುಮಾರು 14.7 ಗ್ರಾಂ ಗಾಳಿ ಬೇಕು. ಪೆಟ್ರೋಲನ್ನು ಅಳೆದು ಕೊಡುವುದು ಅಷ್ಟೇನೂ ಕಷ್ಟವಲ್ಲ. ಎಂಜಿನ್ ಒಳಗೆ ಎಳೆದುಕೊಂಡ ಗಾಳಿ ಎಷ್ಟು ಎಂದು ತಿಳಿಯುವುದೇ ಕಷ್ಟ. ಏರ್ ಫಿಲ್ಟರ್ ಡಬ್ಬಿ ದಾಟಿದ ಕೂಡಲೇ ಪೈಪಿನೊಳಗೆ ಕೂತಿರುವ ಏರ್ ಫ್ಲೋ ಸೆನ್ಸರಿಗೆ ಇರುವುದು ಇದೊಂದೇ ಕೆಲಸ. ಅದು ಪೂರ್ತಿ ಕೆಟ್ಟರೆ ದೊಡ್ಡ ಚಿಂತೆಯಿಲ್ಲ. ಡ್ಯಾಶ್‌ಬೋರ್ಡಿನಲ್ಲಿ ದೀಪ ಹತ್ತುತ್ತದೆ, ವೈರು, ಕನೆಕ್ಟರ್ ನೋಡಿ ಹೊಸದು ಹಾಕಿದರೆ ಆಯಿತು. ಅರೆಬರೆ ಕೆಟ್ಟು, ಬಂದ ಗಾಳಿಗಿಂತ ಹತ್ತು ಪರ್ಸೆಂಟ್ ಕಡಿಮೆ ಹೇಳತೊಡಗಿದಾಗ ಗೋಳು ಶುರು. ದೀಪ ಹತ್ತುವುದಿಲ್ಲ, ಗಾಡಿ ಮಾತ್ರ ಎಳೆಯುವುದಿಲ್ಲ. ಪ್ಲಗ್ ಬದಲಾಗುತ್ತದೆ, ಕಾಯಿಲ್ ಬದಲಾಗುತ್ತದೆ, ಪೆಟ್ರೋಲ್ ಪಂಪ್ ಬದಲಾಗುತ್ತದೆ, ಬಿಲ್ ಬೆಳೆಯುತ್ತದೆ. ಈ ಅರ್ಧ ಸುಳ್ಳನ್ನು ಹಿಡಿಯುವ ವಿದ್ಯೆ ಕಳೆದ ಅರ್ಧ ಶತಮಾನದಲ್ಲಿ ಬೆರಳ ತುದಿಯಿಂದ ಲೆಕ್ಕದ ಹಾಳೆಗೆ ಬಂದು ನಿಂತಿದೆ.

ಕಾರ್ಬುರೇಟರ್ ಕಾಲದಲ್ಲಿ ಈ ಪ್ರಶ್ನೆಯೇ ಇರಲಿಲ್ಲ. ಹರಿಯುವ ಗಾಳಿಯೇ ತನಗೆ ಬೇಕಾದ ಪೆಟ್ರೋಲನ್ನು ಜೆಟ್ಟಿನಿಂದ ಸೆಳೆದುಕೊಳ್ಳುತ್ತಿತ್ತು. 1967ರಲ್ಲಿ ಬಾಷ್ ಕಂಪನಿ ಫೋಕ್ಸ್‌ವ್ಯಾಗನ್ 1600 ಕಾರಿಗೆ ಕೊಟ್ಟ ಡಿ-ಜೆಟ್ರಾನಿಕ್ ಎಂಬ ಎಲೆಕ್ಟ್ರಾನಿಕ್ ವ್ಯವಸ್ಥೆಯೂ ಗಾಳಿಯನ್ನು ನೇರವಾಗಿ ಅಳೆಯಲಿಲ್ಲ. ಮ್ಯಾನಿಫೋಲ್ಡಿನ ಒತ್ತಡ ನೋಡಿ ಅಂದಾಜು ಮಾಡುತ್ತಿತ್ತು. ಈ ಅಂದಾಜಿನ ದಾರಿ ಅಗ್ಗ ಮತ್ತು ಗಟ್ಟಿ. ನಮ್ಮಲ್ಲಿ ಎಂಪಿಎಫ್‌ಐ ಹೆಸರಿನಲ್ಲಿ ಬಂದ ಸಣ್ಣ ಪೆಟ್ರೋಲ್ ಕಾರುಗಳಲ್ಲಿ ಬಹುಪಾಲು ಇದೇ ದಾರಿ ಹಿಡಿದವು. ಹಾಗಾಗಿ ಮಾರುತಿ 800ರಲ್ಲಿ ಕೈ ಪಳಗಿಸಿಕೊಂಡ ಎಷ್ಟೋ ಮೆಕ್ಯಾನಿಕ್‌ಗಳಿಗೆ ಏರ್ ಫ್ಲೋ ಸೆನ್ಸರ್ ಎದುರಾದದ್ದು ಕಾಮನ್ ರೇಲ್ ಡೀಸೆಲ್ ಕಾರುಗಳು ಬಂದ ಮೇಲೆಯೇ.

ಗಾಳಿಯನ್ನು ನೇರವಾಗಿ ಅಳೆಯುವ ಕೆಲಸವನ್ನು ಅದೇ ಬಾಷ್, ಬೆಂಗಳೂರಿನವರು ಆಡುಗೋಡಿಯ ಮೈಕೋ ಮೂಲಕ ಬಲ್ಲ ಬಾಷ್, 1970ರ ದಶಕದ ಮೊದಲ ವರ್ಷಗಳಲ್ಲಿ ಎಲ್-ಜೆಟ್ರಾನಿಕ್‌ನೊಂದಿಗೆ ಆರಂಭಿಸಿತು. ಗಾಳಿಯ ದಾರಿಗೆ ಅಡ್ಡಲಾಗಿ ಸ್ಪ್ರಿಂಗ್ ಬಿಗಿದ ಒಂದು ರೆಕ್ಕೆ. ಗಾಳಿ ತಳ್ಳಿದಷ್ಟೂ ರೆಕ್ಕೆ ತೆರೆಯುತ್ತದೆ. ಅದರ ಅಚ್ಚಿಗೆ ಅಂಟಿದ ಪುಟ್ಟ ತೋಳು ಕಾರ್ಬನ್ ಪಟ್ಟಿಯ ಮೇಲೆ ಜಾರುತ್ತ ವೋಲ್ಟೇಜ್ ಬದಲಿಸುತ್ತದೆ. ಇದರ ದೋಷ ಕೈಗೆ ಸಿಗುವಂಥದ್ದು. ಡಬ್ಬಿಯೊಳಗೆ ಬೆರಳಿಟ್ಟು ರೆಕ್ಕೆಯನ್ನು ನಿಧಾನವಾಗಿ ತಳ್ಳಿದರೆ ಎಲ್ಲಿ ತಡೆಯುತ್ತದೆಂದು ಗೊತ್ತಾಗುತ್ತಿತ್ತು. ಪಟ್ಟಿ ಸವೆಯುತ್ತಿದ್ದದ್ದು ರೆಕ್ಕೆ ಹೆಚ್ಚು ಹೊತ್ತು ನಿಲ್ಲುವ ಜಾಗದಲ್ಲಿ, ಅಂದರೆ ಐಡ್ಲಿಂಗ್‌ನಲ್ಲಿ ಮತ್ತು ಹದವಾದ ವೇಗದಲ್ಲಿ. ಆ ಸವೆತ ಕಾಣಬೇಕಾದರೆ ಮುಳ್ಳಿನ ಮೀಟರ್ ಬೇಕು: ರೆಕ್ಕೆ ತಳ್ಳುತ್ತ ಹೋದಂತೆ ಮುಳ್ಳು ಒಂದೇ ಸಮನೆ ಏರಬೇಕು, ಸವೆದ ಜಾಗ ಬಂದಾಗ ಥಟ್ಟನೆ ಕುಸಿದು ಮತ್ತೆ ಮೇಲೆದ್ದರೆ ಕಳ್ಳ ಸಿಕ್ಕ. ಆ ಕ್ಷಣದ ಕುಸಿತವನ್ನು ಸಾಧಾರಣ ಡಿಜಿಟಲ್ ಮೀಟರ್ ತೋರಿಸದೆ ದಾಟಿಬಿಡುತ್ತದೆ. ಪೆಟ್ರೋಲ್ ಪಂಪಿನ ಸ್ವಿಚ್ ಕೂಡ ಎಷ್ಟೋ ಮಾದರಿಗಳಲ್ಲಿ ಈ ರೆಕ್ಕೆಗೇ ಜೋಡಿಸಿತ್ತು. ಎಂಜಿನ್ ಬ್ಯಾಕ್‌ಫೈರ್ ಆಗಿ ರೆಕ್ಕೆ ಬಾಗಿ ಸಿಕ್ಕಿಕೊಂಡರೆ ಪಂಪಿಗೆ ಕರೆಂಟ್ ಇಲ್ಲದೆ ಗಾಡಿ ನಿಂತೇ ಹೋಗುತ್ತಿತ್ತು.

ಆದರೆ ರೆಕ್ಕೆ ಹೇಳುತ್ತಿದ್ದದ್ದು ಗಾಳಿಯ ಗಾತ್ರವನ್ನು, ತೂಕವನ್ನಲ್ಲ. ಎಂಜಿನ್ನಿಗೆ ಬೇಕಾದದ್ದು ತೂಕ. ಮಿತ್ಸುಬಿಷಿ ಮೊದಲಾದ ಜಪಾನಿ ಕಂಪನಿಗಳು ಗಾಳಿಯ ಸುಳಿಗಳನ್ನು ಎಣಿಸುವ ಕಾರ್ಮನ್ ಸೆನ್ಸರನ್ನು ಬಳಸಿದವು. ಅದು ಸೊಗಸಾದ ಉಪಾಯ, ಆದರೆ ಅದು ಕೊಟ್ಟದ್ದೂ ಗಾತ್ರವನ್ನೇ.

ತೂಕದ ಉತ್ತರ ಕೊಟ್ಟದ್ದು ಬಿಸಿ ತಂತಿ. ಹರಿಯುವ ಗಾಳಿಯಲ್ಲಿ ಕಾದ ಸಣ್ಣ ತಂತಿ ಎಷ್ಟು ಶಾಖ ಕಳೆದುಕೊಳ್ಳುತ್ತದೆ ಎಂಬುದನ್ನು ಎಲ್. ವಿ. ಕಿಂಗ್ 1914ರಲ್ಲೇ ಸೂತ್ರವಾಗಿ ಬರೆದಿದ್ದರು. ಅದು ಕಾರಿನೊಳಗೆ ಬಂದದ್ದು 1980ರ ದಶಕದ ಆರಂಭದಲ್ಲಿ, ಬಾಷ್‌ನ ಎಲ್‌ಎಚ್-ಜೆಟ್ರಾನಿಕ್ ರೂಪದಲ್ಲಿ. ವೋಲ್ವೊ 240 ಅದನ್ನು ಮೊದಮೊದಲು ಪಡೆದ ಕಾರುಗಳಲ್ಲೊಂದು. ಕೂದಲೆಳೆಯಷ್ಟು ಸಣ್ಣ ಪ್ಲಾಟಿನಂ ತಂತಿಯನ್ನು ಒಳಬರುವ ಗಾಳಿಗಿಂತ ನಿಗದಿತ ಡಿಗ್ರಿ ಹೆಚ್ಚು ಬಿಸಿಯಲ್ಲಿ ಇಡಬೇಕು. ಹಾಗಿಡಲು ಬೇಕಾಗುವ ಕರೆಂಟೇ ಗಾಳಿಯ ತೂಕದ ಅಳತೆ. ಕಿಂಗ್ ಸೂತ್ರದ ಪ್ರಕಾರ ಶಾಖದ ನಷ್ಟ ಹರಿವಿನ ವರ್ಗಮೂಲವನ್ನು ಅನುಸರಿಸುತ್ತದೆ. ಗಾಳಿ ಕಡಿಮೆಯಿದ್ದಾಗ ಸೆನ್ಸರ್ ಬಲು ಸೂಕ್ಷ್ಮ. ಹೆಚ್ಚಾದಂತೆ ಅದರ ವಕ್ರರೇಖೆ ಮಲಗುತ್ತದೆ, ಅಲ್ಲಿ ವೋಲ್ಟೇಜಿನ ಸಣ್ಣ ತಪ್ಪೂ ಗ್ರಾಂ ಲೆಕ್ಕದಲ್ಲಿ ದೊಡ್ಡದಾಗುತ್ತದೆ. ತಂತಿಯ ಮೇಲೆ ದೂಳು ಕೂತರೆ ಅದು ಹೊದಿಕೆಯಂತೆ ಶಾಖ ತಡೆಯುತ್ತದೆ. ಇದಕ್ಕೆಂದೇ ಎಂಜಿನ್ ಆರಿಸಿದ ಮೇಲೆ ಸುಮಾರು ಒಂದು ಸೆಕೆಂಡ್ ಕಾಲ ತಂತಿಯನ್ನು 1000 ಡಿಗ್ರಿಯವರೆಗೆ ಕಾಯಿಸಿ ಕೊಳೆ ಸುಡುವ ಏರ್ಪಾಡಿತ್ತು. ಆ ಕೆಂಪು ಹೊಳಪು ಕಾಣುತ್ತದೆಯೇ ಎಂದು ಇಣುಕಿ ನೋಡುವುದೇ ಆಗಿನ ಒಂದು ಪರೀಕ್ಷೆ. ಇನ್ನೊಂದು, ಐಡ್ಲಿಂಗ್‌ನಲ್ಲಿ ಸ್ಕ್ರೂಡ್ರೈವರ್ ಹಿಡಿಯಿಂದ ಸೆನ್ಸರ್ ಮೇಲೆ ಮೆಲ್ಲಗೆ ತಟ್ಟುವುದು. ಎಂಜಿನ್ ತಡವರಿಸಿದರೆ ಒಳಗಿನ ಬೆಸುಗೆ ಸಡಿಲ.

1990ರ ದಶಕದಲ್ಲಿ ತಂತಿಯ ಜಾಗಕ್ಕೆ ಸಿಲಿಕಾನ್ ಚಿಪ್ ಬಂತು. 1996ರ ಬಾಷ್ ಎಚ್‌ಎಫ್‌ಎಂ5ರಲ್ಲಿ ಹೀಟರಿನ ಎರಡೂ ಕಡೆ ಉಷ್ಣತೆ ಅಳೆಯುವುದರಿಂದ ಗಾಳಿ ಹಿಂದಕ್ಕೆ ತಳ್ಳಿದರೂ ತಿಳಿಯುತ್ತದೆ. ಇದರಲ್ಲಿ ಒಂದು ಸರಳ ಪರೀಕ್ಷೆ ಇಂದಿಗೂ ನಡೆಯುತ್ತದೆ: ಕೀ ಆನ್, ಎಂಜಿನ್ ಆಫ್, ಸಿಗ್ನಲ್ ವೈರಿನಲ್ಲಿ 1 ವೋಲ್ಟ್ ಆಸುಪಾಸು ಇರಬೇಕು, ಹೆಚ್ಚೆಂದರೆ 0.02ರಷ್ಟು ಆಚೀಚೆ. ನಿಂತ ಗಾಳಿಯಲ್ಲೇ 1.1 ತೋರಿಸಿದರೆ ಚಿಪ್ಪಿನ ಮೇಲೆ ಕೊಳೆ ಕೂತಿದೆ, ಇಲ್ಲವೇ ಗ್ರೌಂಡ್ ವೈರ್ ಸರಿಯಿಲ್ಲ. ಮೊದಲು ಗ್ರೌಂಡ್ ನೋಡಿ, ಆಮೇಲೆ ಸೆನ್ಸರ್.

ಅಮೆರಿಕದಲ್ಲಿ 1996ರಿಂದ ಓಬಿಡಿ-2, ಅಂದರೆ ಗಾಡಿ ತನ್ನ ದೋಷವನ್ನು ತಾನೇ ಗುರುತಿಸಿ ಕೋಡಾಗಿ ಬರೆದಿಡುವ ವ್ಯವಸ್ಥೆ, ಕಡ್ಡಾಯವಾಯಿತು. ಭಾರತದಲ್ಲಿ ಓಬಿಡಿಯ ಮೊದಲ ಹಂತ 2010ರಲ್ಲಿ, ಎರಡನೆಯದು 2013ರಲ್ಲಿ. ಸ್ಕ್ಯಾನರ್ ಬಂತು, ಪಿ0100ರಿಂದ ಪಿ0104ರವರೆಗಿನ ಕೋಡುಗಳು ಬಂದವು. ನನ್ನ ದೃಷ್ಟಿಯಲ್ಲಿ ಈ ವಿದ್ಯೆಗೆ ಅತಿ ದೊಡ್ಡ ಲಾಭವೂ ಅತಿ ದೊಡ್ಡ ಹಾನಿಯೂ ಇಲ್ಲಿಂದಲೇ ಆಯಿತು. ಹಾನಿಯೆಂದರೆ, ಕೋಡಿನಲ್ಲಿ ಯಾವ ಭಾಗದ ಹೆಸರಿದೆಯೋ ಅದನ್ನೇ ಬದಲಾಯಿಸುವ ಚಾಳಿ. ಪಿ0102 ಎಂದರೆ ಸಿಗ್ನಲ್ ತೀರಾ ಕಡಿಮೆ ಎಂದರ್ಥ. ಕನೆಕ್ಟರ್ ಪಿನ್ ಹಸಿರುಗಟ್ಟಿದ್ದರೂ ಅದೇ ಬರುತ್ತದೆ. ಪಿ0101 ಎಂದರೆ ಸೆನ್ಸರ್ ಹೇಳಿದ್ದು ಎಂಜಿನ್ ನಡೆಸುವ ಕಂಪ್ಯೂಟರ್ ಆದ ಇಸಿಯುವಿನ ನಿರೀಕ್ಷೆಗೆ ಹೊಂದುತ್ತಿಲ್ಲ ಎಂದಷ್ಟೇ. ಸೆನ್ಸರ್ ಮತ್ತು ಥ್ರಾಟಲ್ ನಡುವಿನ ರಬ್ಬರ್ ಪೈಪ್ ಬಿರಿದಿದ್ದರೂ, ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್ನಿಗೆ ಕಳಿಸುವ ಇಜಿಆರ್ ವಾಲ್ವ್ ತೆರೆದೇ ಉಳಿದಿದ್ದರೂ ಬರುತ್ತದೆ.

ಲಾಭವೆಂದರೆ ಫ್ಯೂಯೆಲ್ ಟ್ರಿಮ್. ಆಕ್ಸಿಜನ್ ಸೆನ್ಸರ್ ನೋಡಿಕೊಂಡು ಇಸಿಯು ಎಷ್ಟು ಪೆಟ್ರೋಲ್ ಕೂಡಿಸುತ್ತಿದೆ ಅಥವಾ ಕಳೆಯುತ್ತಿದೆ ಎಂಬ ಪರ್ಸೆಂಟೇಜ್ ಸ್ಕ್ಯಾನರಿನಲ್ಲಿ ಕಾಣುತ್ತದೆ. ಮ್ಯಾನಿಫೋಲ್ಡಿನಲ್ಲಿ ಗಾಳಿ ಸೋರುತ್ತಿದ್ದರೆ ಐಡ್ಲಿಂಗ್‌ನಲ್ಲಿ ಟ್ರಿಮ್ ಪ್ಲಸ್ 20 ಇದ್ದದ್ದು 2500 ಆರ್‌ಪಿಎಂಗೆ ಏರಿಸಿದಾಗ ಸೊನ್ನೆಯ ಹತ್ತಿರ ಇಳಿಯುತ್ತದೆ, ಏಕೆಂದರೆ ಸೋರಿಕೆಯ ಪಾಲು ಐಡ್ಲಿಂಗ್‌ನ ಸ್ವಲ್ಪ ಗಾಳಿಯಲ್ಲಷ್ಟೇ ದೊಡ್ಡದು. ಕೊಳೆಯಾದ ಏರ್ ಫ್ಲೋ ಸೆನ್ಸರಿನದು ಉಲ್ಟಾ: ಐಡ್ಲಿಂಗ್‌ನಲ್ಲಿ ಟ್ರಿಮ್ ಸರಿಯಾಗಿಯೇ ಇದ್ದು, ಕೆಲವೊಮ್ಮೆ ಮೈನಸ್ ಕಡೆ ವಾಲಿದ್ದು, ಲೋಡ್ ಬಿದ್ದಂತೆ ಪ್ಲಸ್ ಕಡೆಗೆ ಏರುತ್ತ ಹೋಗುತ್ತದೆ. ಈ ಒಂದು ವ್ಯತ್ಯಾಸ ತಿಳಿದಿದ್ದರೆ ವಿನಾಕಾರಣ ಬದಲಾಗುವ ಎಷ್ಟೋ ಸೆನ್ಸರುಗಳು ಉಳಿಯುತ್ತವೆ. ಕನೆಕ್ಟರ್ ಕಿತ್ತು ಓಡಿಸಿ ನೋಡುವ ಹಳೆಯ ಉಪಾಯದಿಂದ ಸುಳಿವು ಸಿಕ್ಕೀತು, ಪುರಾವೆ ಸಿಗದು.

ಪುರಾವೆ ಬೇಕಾದರೆ ಲೆಕ್ಕ ಹಾಕಬೇಕು. 1.6 ಲೀಟರ್ ಪೆಟ್ರೋಲ್ ಎಂಜಿನ್ 4000 ಆರ್‌ಪಿಎಂನಲ್ಲಿ ಆಕ್ಸಿಲರೇಟರ್ ಪೂರ್ತಿ ತುಳಿದಾಗ ಸೆಕೆಂಡಿಗೆ ಸುಮಾರು 53 ಲೀಟರ್ ಗಾಳಿಗೆ ಜಾಗ ಮಾಡಿಕೊಡುತ್ತದೆ. ಸಿಲಿಂಡರ್ ಶೇ. 85 ತುಂಬಿತು ಎಂದಿಟ್ಟುಕೊಂಡರೆ ಮಂಗಳೂರಿನಲ್ಲಿ ಅದು ಸುಮಾರು 53 ಗ್ರಾಂ. ಅದೇ ಕಾರು ಘಾಟಿ ಹತ್ತಿ ಸಮುದ್ರ ಮಟ್ಟದಿಂದ 900 ಮೀಟರಿಗೂ ಮೇಲಿರುವ ಬೆಂಗಳೂರಿಗೆ ಬಂದರೆ ಗಾಳಿ ತೆಳುವಾಗಿ ಸುಮಾರು 48 ಗ್ರಾಂ. ಇದು ಸೆನ್ಸರಿನ ದೋಷವಲ್ಲ. ಐಡ್ಲಿಂಗ್‌ನ ಎರಡು, ಮೂರು ಗ್ರಾಂ ಮಾತ್ರ ಎರಡೂ ಊರಲ್ಲಿ ಹೆಚ್ಚುಕಡಿಮೆ ಒಂದೇ ಇರುತ್ತದೆ, ಏಕೆಂದರೆ ಎಂಜಿನ್ ತನಗೆ ಬೇಕಾದಷ್ಟು ತೂಕದ ಗಾಳಿಗೆ ಥ್ರಾಟಲನ್ನು ತುಸು ಹೆಚ್ಚು ತೆರೆದುಕೊಳ್ಳುತ್ತದೆ. ಬೆಂಗಳೂರಿನಲ್ಲಿ 48ರ ಬದಲು 36 ಬಂದು, ಟ್ರಿಮ್ ಪ್ಲಸ್ 20 ಇದ್ದರೆ ಸೆನ್ಸರ್ ಸುಳ್ಳು ಹೇಳುತ್ತಿದೆ. 36 ಬಂದರೂ ಟ್ರಿಮ್ ಸರಿಯಿದ್ದರೆ ಸೆನ್ಸರ್ ನಿಜವನ್ನೇ ಹೇಳುತ್ತಿದೆ. ಫಿಲ್ಟರ್ ಕಟ್ಟಿದೆಯೇ, ಸೈಲೆನ್ಸರಿನ ಕಡೆ ಕ್ಯಾಟಲಿಟಿಕ್ ಕನ್ವರ್ಟರ್ ಮುಚ್ಚಿದೆಯೇ ನೋಡಬೇಕು.

ಡೀಸೆಲ್ ಗಾಡಿಯಲ್ಲಿ ಕಣ್ಣೂ ನೆರವಿಗೆ ಬರುತ್ತದೆ. ಸೆನ್ಸರ್ ಕಡಿಮೆ ಹೇಳಿದರೆ ಹೊಗೆ ಬರಬಾರದೆಂದು ಇಸಿಯು ಡೀಸೆಲ್ ಕತ್ತರಿಸುತ್ತದೆ: ಎಳೆತವಿಲ್ಲ, ಹೊಗೆಯೂ ಇಲ್ಲ. ಟರ್ಬೊ ನಂತರದ ಹೋಸ್ ಒಡೆದಿದ್ದರೆ ಅಳೆದ ಗಾಳಿ ದಾರಿಯಲ್ಲೇ ಸೋರಿಹೋಗಿ ಎಳೆತವಿಲ್ಲದ ಗಾಡಿ ಕಪ್ಪು ಹೊಗೆ ಉಗುಳುತ್ತದೆ.

ಈಗಿನ ಹಲವು ಸೆನ್ಸರುಗಳು ಸೆಂಟ್ ಎಂಬ ಡಿಜಿಟಲ್ ಭಾಷೆಯಲ್ಲಿ ಮಾತಾಡುತ್ತವೆ. ಮಲ್ಟಿಮೀಟರ್ ಮುಟ್ಟಿಸಿದರೆ ಅರ್ಥವಿಲ್ಲದ ಸರಾಸರಿ ವೋಲ್ಟೇಜ್ ಅಷ್ಟೇ ಕಾಣುತ್ತದೆ. ಸರ್ಕ್ಯೂಟ್ ಕೆಟ್ಟರೆ ಈ ಸೆನ್ಸರ್ ತಾನೇ ಹೇಳಬಲ್ಲದು; ಚಿಪ್ಪಿನ ಮೇಲೆ ದೂಳು ಕೂತಿದೆ ಎಂದು ಅದಕ್ಕೆ ಗೊತ್ತಾಗುವುದಿಲ್ಲ. ಎಣ್ಣೆ ಸವರಿದ ಫಿಲ್ಟರ್ ಮತ್ತು ಕಂಪ್ರೆಸರ್ ಗಾಳಿ ಹೊಡೆದು ಹರಿದ ಪೇಪರ್ ಫಿಲ್ಟರ್ ಅದರ ಹಳೆಯ ಶತ್ರುಗಳು, ಇಂದಿಗೂ ಹಾಗೇ ಇವೆ. ಆದ್ದರಿಂದ ಗಾಡಿ ಚೆನ್ನಾಗಿರುವಾಗಲೇ ಎರಡು ಅಂಕಿ ಬರೆದಿಡಬೇಕು: ಎಸಿ ಆಫ್ ಮಾಡಿ ಬಿಸಿ ಎಂಜಿನ್ನಿನ ಐಡ್ಲಿಂಗ್ ಗ್ರಾಂ, ಮತ್ತು ಪೂರ್ತಿ ತುಳಿದಾಗ ನಿಗದಿತ ಆರ್‌ಪಿಎಂನ ಗ್ರಾಂ, ಜೊತೆಗೆ ಊರು ಮತ್ತು ಹೊರಗಿನ ಉಷ್ಣತೆ. ಕಿಲೋಮೀಟರ್ ಮತ್ತು ಆಯಿಲ್ ಗ್ರೇಡ್ ಬರೆಯುವ ಜಾಬ್ ಕಾರ್ಡಿನಲ್ಲಿ ಇದಕ್ಕೂ ಒಂದು ಸಾಲು ಬೇಕು.